ಪೆನ್‌ಡ್ರೈವ್ ಆಮೆ ನಡಿಗೆ ನಡೆದರೆ



ಮದುವೆಯಾಗಲಿ, ಸೀಮಂತವಾಗಲಿ, ಫೋಟೋದವರು ಈಗ ಆಲ್ಬಂ ಜೊತೆಗೆ ಹೆಬ್ಬೆರಳುದ್ದದ ಪೆನ್‌ಡ್ರೈವನ್ನೂ ಕೊಡುತ್ತಾರೆ. ಅದನ್ನು ಬೀಗರಿಗೊಂದು, ಬೆಂಗಳೂರಿನ ಮಗಳಿಗೊಂದು ಪ್ರತಿ ಮಾಡಿಕೊಡುವ ಕೆಲಸ ನಮ್ಮ ಪಾಲಿಗೇ ಬರುವುದು. ಸಿರುಗುಪ್ಪದ ಸೋದರಿಯೊಬ್ಬರು ಕೇಳಿದ್ದಾರೆ: "ಮಗಳು ರಾತ್ರಿ ರೈಲಿಗೆ ಹೊರಟಾಳ್ರಿ. ಕಂಪ್ಯೂಟರಿನಾಗ ಹಸಿರು ಗೆರೆ ಅರ್ಧಕ್ಕೇ ನಿಂತೈತಿ. ತೀರಿಹೋದ ನಮ್ಮ ಅತ್ತೆಯವರು ಇರೋ ವಿಡಿಯೋ ಅದೊಂದೇ. ಕಿತ್ತುಬಿಡಲೇನ್ರಿ?"

ಬೇಡಮ್ಮಾ, ಕೀಳಬೇಡಿರಿ. ಬರೆಯುವಾಗ ಕಿತ್ತರೆ ಆ ವಿಡಿಯೋ ಅರೆಬರೆಯಾಗುವುದಲ್ಲದೆ, ಪೆನ್‌ಡ್ರೈವಿನಲ್ಲಿ ಮೊದಲಿದ್ದ ಫೋಟೋಗಳೂ ಕೆಡಬಹುದು. ಅವಸರವಿದ್ದರೆ 'ಕ್ಯಾನ್ಸಲ್' ಒತ್ತಿ, ಅದು ನಿಂತ ಮೇಲೆ 'ಇಜೆಕ್ಟ್' ಮಾಡಿ ತೆಗೆಯಿರಿ. ಇನ್ನೊಂದು ಮಾತು: ಇಂಥ ಅಪರೂಪದ್ದನ್ನು ಎಂದೂ 'ಕಟ್' ಮಾಡಬಾರದು, 'ಕಾಪಿ'ಯನ್ನೇ ಮಾಡಬೇಕು. ಆಗ ಮೂಲ ಇದ್ದಲ್ಲೇ ಇರುತ್ತದೆ.

ಇಷ್ಟು ನಿಧಾನ ಏಕೆ? ಪೆನ್‌ಡ್ರೈವಿಗೆ ಓದುವುದು ಸುಲಭ, ಬರೆಯುವುದು ಕಷ್ಟ. ಹಳೆಯದನ್ನು ಒಂದೊಂದು ಅಂಕಣವಾಗಿ ಅಳಿಸಿ ಹೊಸದನ್ನು ಬರೆಯಬೇಕು, ಒರೆಸದೆ ರಂಗೋಲಿ ಹಾಕಲಾಗದ ಹಾಗೆ. ಮೊದಲು ಗೆರೆ ಸರಸರ ಓಡುವುದು ಕಂಪ್ಯೂಟರು ತನ್ನ ನೆನಪಿನಲ್ಲಿ ತುಂಬಿಕೊಳ್ಳುವುದರಿಂದ. ಅದು ತುಂಬಿತೋ, ನಿಜವಾದ ವೇಗ ಹೊರಬೀಳುತ್ತದೆ. ಸಾಧಾರಣ ಪೆನ್‌ಡ್ರೈವು ಸೆಕೆಂಡಿಗೆ ೧೦ ಎಂಬಿ ಬರೆದರೆ, ೧೬ ಜಿಬಿಗೆ ಸುಮಾರು ೨೭ ನಿಮಿಷ ಬೇಕು. ಇದು ದೋಷವಲ್ಲ. ಅದಕ್ಕೂ ನಿಧಾನವಾದರೆ ಹೀಗೆ ಪರೀಕ್ಷಿಸಿರಿ:

೧. ಚುಚ್ಚುವ ಕಿಂಡಿ ನೋಡಿರಿ. ೨೦೦೦ದಲ್ಲಿ ಬಂದ ಯುಎಸ್‌ಬಿ ೨.೦ಕ್ಕಿಂತ ೨೦೦೮ರಲ್ಲಿ ಬಂದ ೩.೦ ಹತ್ತುಪಟ್ಟು ಅಗಲದ ದಾರಿ. ೩.೦ ಕಿಂಡಿಯ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣವಿರುತ್ತದೆ. ಆದರೆ ಪೆನ್‌ಡ್ರೈವೂ ೩.೦ ಆಗಿದ್ದರೆ ಮಾತ್ರ ಲಾಭ.

೨. ಉದ್ದ ವೈರು, ಹಲವು ಕಿಂಡಿಯ ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೇ ಚುಚ್ಚಿರಿ.

೩. ಸಾವಿರಾರು ಸಣ್ಣ ಫೋಟೋ ಇದ್ದರೆ ಮೊದಲು ಕಂಪ್ಯೂಟರಿನಲ್ಲೇ ಒಂದು 'ಜಿಪ್' ಗಂಟು ಕಟ್ಟಿರಿ. ಒಂದು ಮೂಟೆ ಅಕ್ಕಿಯನ್ನು ಒಮ್ಮೆಗೇ ಸಾಗಿಸುವುದಕ್ಕೂ, ಸೇರು ಸೇರಾಗಿ ಅಳೆದು ಲೆಕ್ಕ ಬರೆದು ಸಾಗಿಸುವುದಕ್ಕೂ ಇರುವ ವ್ಯತ್ಯಾಸ ಸಿರುಗುಪ್ಪದವರಿಗೆ ಹೇಳಬೇಕೆ?

೪. ಕಂಠಪೂರ್ತಿ ತುಂಬಿದ ಪೆನ್‌ಡ್ರೈವು ಇನ್ನೂ ನಿಧಾನ. ಬೇಡದ್ದನ್ನು ಅಳಿಸಿ ಸ್ವಲ್ಪ ಜಾಗ ಬಿಡಿರಿ.

೫. ಮುಟ್ಟಿದರೆ ಸುಡುತ್ತದೆಯೇ? ನಮ್ಮ ಬಳ್ಳಾರಿ ಬಿಸಿಲಿನಲ್ಲಿ ಕೇಳುವುದೇ ಬೇಡ. ಕಾದರೆ ವೇಗ ಇಳಿಯುತ್ತದೆ. ಇಜೆಕ್ಟ್ ಮಾಡಿ ತೆಗೆದು, ಆರಿದ ಮೇಲೆ ಮುಂದುವರಿಸಿರಿ.

೬. ೪ ಜಿಬಿ ಮೀರಿದ ಒಂದೇ ವಿಡಿಯೋ ಹೋಗುವುದೇ ಇಲ್ಲವೆಂದರೆ ಪೆನ್‌ಡ್ರೈವಿನ ಅಚ್ಚು 'ಫ್ಯಾಟ್ ೩೨' ಇದ್ದೀತು. 'ಎಕ್ಸ್‌ಫ್ಯಾಟ್'ಗೆ ಫಾರ್ಮ್ಯಾಟ್ ಮಾಡಬೇಕು. ಹಾಗೆ ಮಾಡಿದರೆ ಒಳಗಿನದೆಲ್ಲ ಅಳಿಯುತ್ತದೆ, ಮೊದಲು ಬೇರೆಡೆ ತೆಗೆದಿಡಿರಿ.

ಇಷ್ಟಾದರೂ ಸರಿಹೋಗದಿದ್ದರೆ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿರಿ. ಅಲ್ಲಿಯೂ ಹಾಗೇ ಇದ್ದರೆ ಪೆನ್‌ಡ್ರೈವಿನದೇ ತಪ್ಪು. ದೊಡ್ಡ ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡಿ ನಿಧಾನವಾದರಂತೂ ಅದು ಸಾಯುವ ಮುನ್ಸೂಚನೆ. ಮೊದಲು ಮುಖ್ಯವಾದುದನ್ನು ಹೊರತೆಗೆಯಿರಿ.

ಕೊಳ್ಳುವಾಗಲೂ ಎಚ್ಚರ. ಕುರುಗೋಡು ಜಾತ್ರೆಯ ಬಳೆಯಂತೆ ಅಗ್ಗಕ್ಕೆ ಚೌಕಾಸಿ ಮಾಡುವ ವಸ್ತುವಲ್ಲ ಇದು. ಮೇಲೆ ದೊಡ್ಡ ಅಳತೆ ಮುದ್ರಿಸಿ ಒಳಗೆ ಚಿಕ್ಕದಿಟ್ಟ ನಕಲಿ ಮಾಲು ಬಹಳ. ತುಂಬಿದಂತೆ ತೋರಿಸಿ, ತೆರೆದರೆ ಏನೂ ಇರುವುದಿಲ್ಲ. ಬಿಲ್ಲು ಕೇಳಿ ಪಡೆಯಿರಿ. ಕಾಪಿಯಾದ ಮೇಲೆ ಇಜೆಕ್ಟ್ ಮಾಡಿ, ಮತ್ತೆ ಚುಚ್ಚಿ, ವಿಡಿಯೋವನ್ನು ಮೊದಲು, ನಡು, ಕೊನೆ ಮೂರು ಕಡೆ ಓಡಿಸಿ ನೋಡಿರಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇದೆಯಲ್ಲ! ಮಗಳಿಗೆ ಮುಂದಿನ ಸಲ ಬಂದಾಗ ಕೊಟ್ಟರಾಯಿತು. ಅತ್ತೆಯವರ ನಗುಮುಖ ಮಾತ್ರ ಎರಡು ಕಡೆ ಭದ್ರವಾಗಿರಲಿ: ಒಂದು ನಿಮ್ಮ ಬೀರುವಿನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ.