ಹತ್ತು ಅಂಕಿ, ನಲ್ವತ್ತು ಮಾತು

ಅರಬ್ಬೀ ನಾಡೆಂದರೆ ನಮ್ಮ ಜಿಲ್ಲೆಯವರಿಗೆ ಹೊಸತಲ್ಲ. ದುಬಾಯಿ, ಅಬುಧಾಬಿ, ಮಸ್ಕತ್, ದೋಹಾ ಎಂಬ ಹೆಸರುಗಳು ನಮ್ಮಲ್ಲಿ ನೆರೆಯೂರಿನ ಹೆಸರುಗಳಷ್ಟೇ ಬಳಕೆಯವು. ಮಂಜೇಶ್ವರದಿಂದ ಹೊಸದುರ್ಗದವರೆಗೆ ಗಲ್ಫಿನಲ್ಲಿ ದುಡಿದು ಬಂದವರಿಲ್ಲದ ಊರು ಸಿಗಲಾರದು. ಆದರೆ ದುಡಿಯಲು ಹೋಗುವುದು ಬೇರೆ, ನೋಡಲು ಹೋಗುವುದು ಬೇರೆ. ದುಡಿಯಲು ಹೋದವನಿಗೆ ಧಣಿಯೋ, ಅಂಗಡಿಯ ಗಿರಾಕಿಯೋ ಭಾಷೆಯನ್ನು ಕಲಿಸಿಯೇ ಬಿಡುತ್ತಾರೆ, ಕಲಿಯದೆ ವಿಧಿಯಿಲ್ಲ. ನೋಡಲು ಹೋದವನಿಗೆ ಆ ನಿರ್ಬಂಧವಿಲ್ಲ. ಹಣ ತೆತ್ತರೆ ಇಂಗ್ಲಿಷ್ ಬಲ್ಲ ಗೈಡು ಸಿಗುತ್ತಾನೆ, ತಂಪು ಬಸ್ಸು ಸಿಗುತ್ತದೆ, ಮಧ್ಯಾಹ್ನದ ಊಟಕ್ಕೆ ಚಪಾತಿ ದಾಲ್ ಸಹ ಸಿಗುತ್ತದೆ. ಹತ್ತು ದಿನ ಸುತ್ತಿ, ಒಂದು ಪದವನ್ನೂ ಕಲಿಯದೆ, ಫೋಟೋಗಳೊಡನೆ ಊರಿಗೆ ಮರಳಬಹುದು. ಹಾಗೆ ಮರಳಿದವರನ್ನು ಕಂಡಿದ್ದೇನೆ. ಇದು ಸರಿಯಲ್ಲ, ನಮ್ಮಂತಹವರಿಗಂತೂ ಸಲ್ಲದು ಎಂಬುದು ನನ್ನ ಅಭಿಪ್ರಾಯ.

ನಾನು ಈಜಿಪ್ಟಿಗೆ ಹೋದುದು ಒಂದು ಪ್ರವಾಸೀ ತಂಡದೊಡನೆ. ಕೈರೋವಿನಿಂದ ದಕ್ಷಿಣದ ಆಸ್ವಾನ್ ಪಟ್ಟಣಕ್ಕೆ ಸುಮಾರು 880 ಕಿಲೋಮೀಟರು. ತಂಡದವರು ವಿಮಾನ ಹಿಡಿದರು. ನಾವು ಮೂವರು ನೈಲ್ ನದಿಯ ದಂಡೆಗುಂಟ ನಾಡು ನೋಡುತ್ತ ಹೋಗೋಣವೆಂದು ರೈಲಿಗೆ ಹತ್ತಿದೆವು. ಹತ್ತಿ ಕುಳಿತು ಅರ್ಧ ಗಂಟೆಯಾಗಿರಲಿಲ್ಲ, ಬಿಳಿಯ ನಿಲುವಂಗಿಯ ಹಿರಿಯರೊಬ್ಬರು ಬಂದು ನನ್ನ ಎದುರು ನಿಂತರು. ಟಿಕೇಟು ತೋರಿಸಿದರು. ನಾನೂ ತೋರಿಸಿದೆ. ನನ್ನ ಸೀಟು 10, ಗೋಡೆಯ ಮೇಲೆ ಒಂದು ಗೀಟು, ಪಕ್ಕದಲ್ಲಿ ಒಂದು ಸೊನ್ನೆ. ಇನ್ನೇನು ಸಂಶಯ? ಆದರೆ ಅದು ಸೊನ್ನೆಯಾಗಿರಲಿಲ್ಲ. ಅರಬ್ಬೀ ಅಂಕಿಗಳಲ್ಲಿ ಉರುಟಾದ ಬಳೆಯಂತಹುದು ಐದು. ಸೊನ್ನೆಯೆಂದರೆ ಬರಿಯ ಒಂದು ಚುಕ್ಕಿ. ನಾನು ಹದಿನೈದರ ಸೀಟಿನಲ್ಲಿ ಹತ್ತರವನೆಂದು ಕುಳಿತಿದ್ದೆ. ಆ ಹಿರಿಯರು ನಕ್ಕು, "ಮಾಲಿಶ್, ಯಾ ಹಗ್" ಎಂದರು. ಅಡ್ಡಿಯಿಲ್ಲ, ಹಾಜಿಯವರೇ ಎಂದರ್ಥ. ಹಜ್ಜಿಗೆ ಹೋಗಿರಲಿ, ಹೋಗದಿರಲಿ, ನರೆತ ತಲೆ ಕಂಡರೆ ಈಜಿಪ್ಟಿನವರು ಕರೆಯುವುದು ಹಾಗೆಯೇ. ನಮ್ಮಲ್ಲಿ ಗುರುತಿಲ್ಲದ ಹಿರಿಯರನ್ನೂ ಮಾವನವರೇ ಎನ್ನುವುದಿಲ್ಲವೇ, ಹಾಗೆ.

ಆ ರಾತ್ರಿ ಅವರೇ ನನಗೆ ಅಂಕಿಗಳ ಪಾಠ ಹೇಳಿದರು. ಒಂದು ನೆಟ್ಟಗಿನ ಗೀಟು. ಎರಡನ್ನೂ ಮೂರನ್ನೂ ಮಗ್ಗುಲಿಗೆ ಮಲಗಿಸಿ ನೋಡಿದರೆ ನಾಗರಿಯ ಎರಡು ಮೂರುಗಳ ನೆನಪಾಗುತ್ತದೆ. ಆರು ನಮ್ಮ ಕಣ್ಣಿಗೆ ಇಂಗ್ಲಿಷಿನ ಏಳು. ಏಳೆಂದರೆ ಮೇಲಕ್ಕೆ ಬಾಯ್ದೆರೆದ ಚಿಮಟ, ಎಂಟೆಂದರೆ ಅದೇ ಚಿಮಟ ಕವುಚಿದಂತೆ. ಒಂಬತ್ತೊಂದು ಮಾತ್ರ ಇಂಗ್ಲಿಷಿನಂತೆಯೇ ಇದೆ. ಇನ್ನೂ ಒಂದು ಸೋಜಿಗವುಂಟು. ಅಕ್ಷರಗಳು ಬಲದಿಂದ ಎಡಕ್ಕೆ ಹೋಗುವ ಆ ಲಿಪಿಯಲ್ಲಿ ಅಂಕಿಗಳನ್ನು ಮಾತ್ರ ನಾವು ಬರೆಯುವ ಹಾಗೆ ಎಡದಿಂದ ಬಲಕ್ಕೆ ಬರೆಯುತ್ತಾರೆ.

ಇವುಗಳ ಹೆಸರೇನೆಂದು ಕೇಳಿದೆ. "ಅರ್ಕಾಮ್ ಹಿಂದಿಯ್ಯಾ" ಎಂದರು. ಭಾರತದ ಅಂಕಿಗಳು! ಯುರೋಪಿನವರು ತಮ್ಮ ಅಂಕಿಗಳನ್ನು ಅರಬ್ಬೀ ಅಂಕಿಗಳೆನ್ನುತ್ತಾರೆ, ಅರಬ್ಬರು ತಮ್ಮವನ್ನು ಹಿಂದೀ ಅಂಕಿಗಳೆನ್ನುತ್ತಾರೆ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಭಾರತದ ಲೆಕ್ಕದ ಕ್ರಮವನ್ನು ಅರಬ್ಬಿಯಲ್ಲಿ ವಿವರಿಸಿದನು. 1202ರಲ್ಲಿ ಇಟೆಲಿಯ ಫಿಬೊನಾಚಿ ಅದೇ ಕ್ರಮವನ್ನು ತನ್ನ ಗ್ರಂಥದ ಮೂಲಕ ಯುರೋಪಿನ ವರ್ತಕರಿಗೆ ತಿಳಿಸಿಕೊಟ್ಟನು. ಹೀಗೆ ನಮ್ಮಿಂದ ಹೊರಟ ಸರಕೇ ಬೇರೆ ವೇಷದಲ್ಲಿ ಎದುರು ನಿಂತಾಗ ಗುರುತು ಹಿಡಿಯಲಾರದೆ ನಾನು ಅನ್ಯರ ಸೀಟಿನಲ್ಲಿ ಕುಳಿತಿದ್ದೆ! ಮೊರೊಕ್ಕೊ, ಅಲ್ಜೀರಿಯಾ, ಟ್ಯುನೀಸಿಯಾ ದೇಶಗಳಲ್ಲಿ ಇಂಗ್ಲಿಷ್ ಅಂಕಿಗಳೇ ಬಳಕೆಯಲ್ಲಿರುವುದರಿಂದ ಅಲ್ಲಿ ಈ ತೊಡಕಿಲ್ಲ. ಈಜಿಪ್ಟಿನ ನೋಟುಗಳಲ್ಲಿ ಒಂದು ಮಗ್ಗುಲು ಅರಬ್ಬಿ, ಇನ್ನೊಂದು ಮಗ್ಗುಲು ಇಂಗ್ಲಿಷು. ನೋಟನ್ನು ಮಗುಚಿ ಮಗುಚಿ ನೋಡಿದರೆ ಅಂಕಿ ತಾನಾಗಿ ಬಾಯಿಪಾಠವಾಗುತ್ತದೆ. ಸಂತೆಯ ತರಕಾರಿ ರಾಶಿಯ ಮೇಲೆ ಚುಚ್ಚಿಟ್ಟ ರಟ್ಟಿಗೆ ಮಾತ್ರ ಎರಡನೆಯ ಮಗ್ಗುಲಿಲ್ಲ. ಅದನ್ನು ಓದಬಲ್ಲವನಿಗೆ ಊರವರ ಬೆಲೆ, ಓದಲಾರದವನಿಗೆ ಪರದೇಶಿಯ ಬೆಲೆ.

ಮಾತಿನ ವಿಚಾರಕ್ಕೆ ಬರೋಣ. ಗಲ್ಫಿನಲ್ಲಿ ಹತ್ತು ವರ್ಷ ಇದ್ದವರು ನಮ್ಮ ಮೂವರಲ್ಲಿ ಒಬ್ಬರಿದ್ದರು; ಅವರಿರುವಾಗ ಚಿಂತೆಯಿಲ್ಲವೆಂದು ನಾವು ಧೈರ್ಯದಿಂದಿದ್ದೆವು. ಆದರೆ ಕೈರೋವಿನ ಬೀದಿಯಲ್ಲಿ ಅವರೇ ತಡವರಿಸಿದರು. ಗಲ್ಫಿನ ಜಕಾರ ಈಜಿಪ್ಟಿನಲ್ಲಿ ಗಕಾರ. ಒಂಟೆ ಅಲ್ಲಿ ಜಮಲ್, ಇಲ್ಲಿ ಗಮಲ್. ಕಕಾರದಂತಹ ಇನ್ನೊಂದು ಅಕ್ಷರವನ್ನು ಇವರು ನುಂಗಿಯೇ ಬಿಡುತ್ತಾರೆ. ಕಲಮ್ ಎಂಬ ಲೇಖನಿ ಅಲಮ್ ಆಗುತ್ತದೆ. ಮೂರಕ್ಕೆ ಥಲಾಥಾ ಎನ್ನದೆ ತಲಾತಾ ಎನ್ನುತ್ತಾರೆ. 'ಹೇಗಿದ್ದೀರಿ' ಎಂಬುದಕ್ಕೆ ಗಲ್ಫಿನ 'ಶ್ಲೋನಕ್' ಅಲ್ಲ, 'ಇಜ್ಜಯ್ಯಕ್'. ಬರೆಯುವ, ವಾರ್ತೆ ಓದುವ ಅರಬ್ಬಿಯೇ ಬೇರೆ, ಅದು ಫುಸ್‌ಹಾ. ಮನೆಯ, ಬೀದಿಯ ಅರಬ್ಬಿಯೇ ಬೇರೆ, ಅದು ಆಮ್ಮಿಯ್ಯಾ. ಮೊದಲನೆಯದು ಎಲ್ಲ ಅರಬ್ಬೀ ನಾಡುಗಳಿಗೂ ಹೆಚ್ಚುಕಡಿಮೆ ಒಂದೇ, ಎರಡನೆಯದು ನಾಡಿಗೊಂದು. ಬೇರೆಯವರಿಗೆ ಇದು ಗೊಂದಲವೆನಿಸಬಹುದು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಟಿ, ಬ್ಯಾರಿ ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಓದಿ, ಬಸ್ಸಿನಲ್ಲಿ ಮಲೆಯಾಳ ಮಾತಾಡುವ ನಮ್ಮ ಮಕ್ಕಳಿಗೆ ಇದರಲ್ಲಿ ಬೆರಗಾಗುವಂತಹುದೇನೂ ಇಲ್ಲ.

ಹಾಗೆಂದು ಎಲ್ಲವೂ ಅಪರಿಚಿತವೂ ಅಲ್ಲ. ಹೋಟೆಲಿನಲ್ಲಿ ಚಹಾ ಹೇಳಿದರೆ ಹುಡುಗ "ಹಾದರ್" ಎನ್ನುತ್ತಾನೆ. ನಮ್ಮ 'ಹಾಜರು' ಅದೇ. ಬಿಲ್ಲು ಬೇಕಾದರೆ 'ಹಿಸಾಬ್' ಎಂದರೆ ಸಾಕು. ಸಾಬೂನು ಅಲ್ಲಿಯೂ ಸಾಬೂನೇ. ವಕೀಲ, ತಾರೀಕು, ಕಾಯಿದೆ, ತಕರಾರು, ಅಸಲು, ನಕಲು ಎಂದು ನಮ್ಮ ಕಚೇರಿಗಳಲ್ಲಿ ದಿನವೂ ಬಳಸುವ ಮಾತುಗಳೆಲ್ಲ ಅರಬ್ಬೀ ಮೂಲದವು. ಹಲವು ಪಾರ್ಸಿಯ ದಾರಿಯಾಗಿ ಬಂದವು. ಕೈರೋವಿನಲ್ಲಿ ಸೆಕೆಗೆ ಒಂದು ಕಂದು ಬಣ್ಣದ ಪಾನಕ ಮಾರುತ್ತಾರೆ. ಹೆಸರು 'ತಮ್ರ್ ಹಿಂದಿ', ಎಂದರೆ ಭಾರತದ ಖರ್ಜೂರ. ಕುಡಿದು ನೋಡಿದರೆ ನಮ್ಮ ಹುಣಸೆಹುಳಿಯ ಪಾನಕ! ಹಿಂದಿ ಎಂಬ ಪದಕ್ಕೆ ಅಲ್ಲಿ ಇನ್ನೊಂದು ಪ್ರಯೋಗವೂ ಉಂಟು, ಮುಚ್ಚಿಡುವುದೇಕೆ. ಯಾರಾದರೂ ಮೋಸ ಮಾಡಲು ಬಂದರೆ "ನನ್ನನ್ನೇನು ಹಿಂದಿಯವನೆಂದು ತಿಳಿದೆಯಾ?" ಎಂದು ಕೇಳುವುದುಂಟು. ಪೆದ್ದನೆಂದು ತಿಳಿದೆಯಾ ಎಂಬ ಅರ್ಥದಲ್ಲಿ. ಅದೇ ಬೀದಿಯಲ್ಲಿ, ಭಾರತದವನೆಂದು ತಿಳಿದೊಡನೆ ಅಮಿತಾಭ್ ಬಚ್ಚನ್ ಹೆಸರೆತ್ತಿ ಕೈ ಕುಲುಕುವವರೂ ಇದ್ದಾರೆ. ಎರಡನ್ನೂ ನಗುತ್ತಲೇ ತೆಗೆದುಕೊಳ್ಳಬೇಕು. ನೆರೆಯವರ ಬಗ್ಗೆ ನಾವಾಡುವ ಗಾದೆಗಳೇನು ಕಡಿಮೆಯೇ?

ಗೀಜಾದ ಪಿರಮಿಡ್ಡುಗಳ ಬಳಿ ಒಂಟೆಯವರ, ಬೊಂಬೆ ಮಾರುವವರ ಕಾಟ ಹೆಚ್ಚೆಂದು ಹೋಗಿ ಬಂದವರೆಲ್ಲ ದೂರುತ್ತಾರೆ. ನಿಜ, ಕಾಟವಿದೆ. ನಮ್ಮ ತಂಡದವರು ಇಂಗ್ಲಿಷಿನಲ್ಲಿ ಬೈದರು, ಹಿಂದಿಯಲ್ಲಿ ಬೈದರು; ಬೈದಷ್ಟೂ ಜನ ಕೂಡಿದರು. "ಲಾ, ಶುಕ್ರನ್" ಎಂದು ಎದೆಯ ಮೇಲೆ ಕೈಯಿಟ್ಟು ಮುಂದೆ ನಡೆದರೆ ಹೆಚ್ಚಿನವರು ಬಿಟ್ಟುಬಿಡುತ್ತಿದ್ದರು ಎಂಬುದು ನನ್ನ ಅನುಭವ. ಬೆಳಿಗ್ಗೆ "ಸಬಾಹ್ ಇಲ್ ಖೇರ್" ಎಂದರೆ "ಸಬಾಹ್ ಇನ್ನೂರ್" ಎಂಬ ಉತ್ತರ ಬರುತ್ತದೆ. ಶುಭದ ಬೆಳಗಿಗೆ ಬೆಳಕಿನ ಬೆಳಗು ಮಾರುತ್ತರ. ಅಂಗಡಿಯಾತ ಆಮೇಲೆ ಸರಕು ತೋರಿಸುವ ರೀತಿಯೇ ಬದಲಾಗುತ್ತದೆ.

ಇಷ್ಟಕ್ಕೇ ಆಗಿದ್ದರೆ ಈ ಬರಹ ಬೇಕಿರಲಿಲ್ಲ. ಮುಖ್ಯ ವಿಚಾರ ಆಸ್ವಾನಿನದು. ಅಲ್ಲಿ ಹಾಯಿದೋಣಿಯಲ್ಲಿ ನದಿ ಸುತ್ತಲು ಹೋದೆವು. ದೋಣಿಯವನು ನಮ್ಮೊಡನೆ ಹರಕು ಇಂಗ್ಲಿಷಿನಲ್ಲಿ, ದಡದ ಪೋಲೀಸಿನವನೊಡನೆ ಅರಬ್ಬಿಯಲ್ಲಿ ಮಾತಾಡಿದ. ಹಾಯಿ ಹಿಡಿದಿದ್ದ ತಮ್ಮನೊಡನೆ ಆಡಿದ ಮಾತು ಮಾತ್ರ ಬೇರೆಯೇ ಕೇಳಿಸಿತು. ಅಷ್ಟರಲ್ಲಿ ನನ್ನ ಕಿವಿಗೆ ಅರಬ್ಬಿಯ ಅಷ್ಟಿಷ್ಟು ಪರಿಚಯವಾಗಿತ್ತು. ಇದು ಯಾವ ಕಡೆಯ ಅರಬ್ಬಿ ಎಂದು ಕೇಳಿದೆ. ಆತ ನಕ್ಕುಬಿಟ್ಟ. "ಅರಬ್ಬಿಯಲ್ಲ, ನೂಬಿ" ಎಂದ. ನಮ್ಮ ತಂಡದ ಉಳಿದವರಿಗೆ ಆ ಪ್ರಶ್ನೆ ಹುಟ್ಟಲೇ ಇಲ್ಲ, ಏಕೆಂದರೆ ಅವರ ಕಿವಿಗೆ ಎಲ್ಲವೂ ಒಂದೇ ಗಲಗಲ.

ನೂಬಿಯರು ಆಸ್ವಾನಿನಿಂದ ದಕ್ಷಿಣಕ್ಕೆ, ಸುಡಾನಿನವರೆಗೆ, ನೈಲಿನ ಎರಡೂ ದಂಡೆಗಳಲ್ಲಿ ಸಾವಿರಾರು ವರ್ಷಗಳಿಂದ ಇದ್ದವರು. ಅವರ ನುಡಿಗೂ ಅರಬ್ಬಿಗೂ ರಕ್ತಸಂಬಂಧವಿಲ್ಲ. ಮಧ್ಯಯುಗದಲ್ಲಿ ಗ್ರೀಕ್, ಕಾಪ್ಟಿಕ್ ಅಕ್ಷರಗಳನ್ನು ಆಧರಿಸಿದ ತಮ್ಮದೇ ಲಿಪಿಯಲ್ಲಿ ಬರೆದುಕೊಂಡವರು. 1902ರಲ್ಲಿ ಆಸ್ವಾನಿಗೆ ಮೊದಲ ಅಣೆಕಟ್ಟು ಬಂತು. ಅದನ್ನು ಎರಡು ಸಲ ಎತ್ತರಿಸಿದಾಗಲೂ ಇವರ ಹೊಲಗಳು ಮುಳುಗಿದುವು. ಕೊನೆಗೆ 1960ರಲ್ಲಿ ಆರಂಭವಾಗಿ 1970ರಲ್ಲಿ ಮುಗಿದ ದೊಡ್ಡ ಅಣೆಕಟ್ಟಿಗಾಗಿ, 1963-64ರಲ್ಲಿ ಈಜಿಪ್ಟಿನ ಭಾಗದ ಸುಮಾರು 50,000 ನೂಬಿಯರನ್ನು ಎಬ್ಬಿಸಿ ಉತ್ತರದ ಕೋಮ್ ಓಂಬೋ ಬಳಿ ನೆಲೆಗೊಳಿಸಲಾಯಿತು. ಊರುಗಳೆಲ್ಲ ನಾಸರ್ ಸರೋವರದ ಅಡಿಗೆ ಹೋದುವು.

ಅದೇ ವರ್ಷಗಳಲ್ಲಿ, 1964ರಿಂದ 1968ರವರೆಗೆ, ಯುನೆಸ್ಕೋದ ಮುಂದಾಳ್ತನದಲ್ಲಿ ಅಬು ಸಿಂಬೆಲಿನ ದೇವಾಲಯಗಳನ್ನು ತುಂಡು ತುಂಡಾಗಿ ಕೊಯ್ದು, ಸುಮಾರು 65 ಮೀಟರು ಎತ್ತರಕ್ಕೆ ಸಾಗಿಸಿ ಮತ್ತೆ ಜೋಡಿಸಿದರು. ಮಹಾ ಕಾರ್ಯವೇ ಸರಿ, ಅದರಲ್ಲಿ ಸಂದೇಹವಿಲ್ಲ. ನಮ್ಮ ಗೈಡು ಆ ಕಲ್ಲುಗಳ ಕತೆಯನ್ನು ಮುಕ್ಕಾಲು ಗಂಟೆ ಹೇಳಿದ. ಜನರನ್ನು ಸಾಗಿಸಿದ ಕತೆಗೆ ಅವನಲ್ಲಿ ಒಂದು ನಿಮಿಷವಿರಲಿಲ್ಲ. ಕೇಳಿದವರೂ ಇರಲಿಲ್ಲವೆನ್ನಿ. ನೆಲದೊಡನೆ ಜನ ಹೊರಟಾಗ ನುಡಿಗೇನಾಯಿತೆಂದು ತಿಳಿಯಲು ದೋಣಿಯವನನ್ನೇ ಕೇಳಬೇಕಾಯಿತು. ಅವನಜ್ಜನ ಊರು ನೀರಿನಡಿಯಲ್ಲಿದೆ. ಸರಕಾರೀ ಶಾಲೆಯ ಪಾಠ ಅರಬ್ಬಿಯಲ್ಲಿ, ಅರ್ಜಿ ಅರಬ್ಬಿಯಲ್ಲಿ, ನೌಕರಿ ಅರಬ್ಬಿಯಲ್ಲಿ. ಮಕ್ಕಳು ನೂಬಿ ಆಡುತ್ತಾರೆಯೇ ಎಂದೆ. "ನಾವು ಹೇಳಿದ್ದು ಅವರಿಗೆ ತಿಳಿಯುತ್ತದೆ. ಉತ್ತರ ಅರಬ್ಬಿಯಲ್ಲಿ ಕೊಡುತ್ತಾರೆ" ಎಂದ. ದುಃಖದಿಂದಲೋ ಸಿಟ್ಟಿನಿಂದಲೋ ಹೇಳಿದ್ದಲ್ಲ, ಗಾಳಿ ಯಾವ ಕಡೆಗಿದೆಯೆಂದು ಹೇಳುವ ಹಾಗೆ ಹೇಳಿದ. ಈ ಉತ್ತರವನ್ನು ಓದುಗರಲ್ಲಿ ಎಷ್ಟು ಮಂದಿ ತಮ್ಮ ಜಗಲಿಯಲ್ಲೇ ಕೇಳಿದ್ದೀರಿ ಎಂದು ನಾನು ಬಿಡಿಸಿ ಬರೆಯಬೇಕಾಗಿಲ್ಲ. ಈಜಿಪ್ಟಿನ 2014ರ ಸಂವಿಧಾನದ 236ನೆಯ ವಿಧಿಯಲ್ಲಿ ನೂಬಿಯರನ್ನು ಹತ್ತು ವರ್ಷಗಳೊಳಗೆ ಮೂಲ ಪ್ರದೇಶಗಳಿಗೆ ಮರಳಿಸಿ ಅಭಿವೃದ್ಧಿಪಡಿಸುವ ಮಾತು ಬರೆಯಲ್ಪಟ್ಟಿತು. ಆ ಹತ್ತು ವರ್ಷ 2024ರಲ್ಲಿ ತುಂಬಿತು.

ಆಸ್ವಾನಿನಲ್ಲಿ 1997ರಿಂದ ಒಂದು ಅಚ್ಚುಕಟ್ಟಾದ ನೂಬಿಯಾ ವಸ್ತು ಸಂಗ್ರಹಾಲಯವುಂಟು. ನಮ್ಮ ತಂಡದ ಕಾರ್ಯಕ್ರಮದಲ್ಲಿ ಅದು ಇರಲಿಲ್ಲ. ಸುಗಂಧ ತೈಲದ ಅಂಗಡಿಗೆ ಮಾತ್ರ ಎರಡು ಗಂಟೆ ಇತ್ತು. ನಾವು ಮೂವರು ಅಂಗಡಿ ಬಿಟ್ಟು ಸಂಗ್ರಹಾಲಯಕ್ಕೆ ನಡೆದೆವು.

ಹತ್ತು ದಿನದ ಪ್ರವಾಸದಲ್ಲಿ ಯಾರೂ ಪಂಡಿತರಾಗಬೇಕಿಲ್ಲ. ಹತ್ತು ಅಂಕಿ, ನಲ್ವತ್ತು ಮಾತು ಸಾಕು. ಅವು ಬಂದರೆ ಬೆಲೆ ತಿಳಿಯುವುದು, ಸೀಟು ಸಿಗುವುದು ಸಣ್ಣ ಲಾಭ. ಎದುರಿನವನು ಯಾವಾಗ ಸರಕಾರದ ಭಾಷೆ ಆಡುತ್ತಾನೆ, ಯಾವಾಗ ಮನೆಯದನ್ನು ಆಡುತ್ತಾನೆ ಎಂದು ಕಿವಿಗೆ ಗೊತ್ತಾಗುವುದು ದೊಡ್ಡ ಲಾಭ. ಸಂಖ್ಯೆಯಲ್ಲಿ ಕಡಿಮೆಯಿರುವವರ ನೋವು ಬಲ್ಲವರೆಂದು ಹೇಳಿಕೊಳ್ಳುವ ನಾವು, ಇನ್ನೊಂದು ನಾಡಿನಲ್ಲಿ ಅಂತಹವರ ದೋಣಿಯಲ್ಲೇ ಕುಳಿತು ಅವರನ್ನು ಕಾಣದೆ ಬಂದರೆ ಅದಕ್ಕೆ ಏನನ್ನಬೇಕು?

ಕೈಫೋನಿನಲ್ಲಿ ಈಗ ಎಲ್ಲದಕ್ಕೂ ಅನುವಾದ ಸಿಗುತ್ತದೆ, ಕಲಿಯುವುದೇಕೆ ಎಂದು ಮಿತ್ರರೊಬ್ಬರು ವಾದಿಸಿದರು. ಫೋನು ಕೇಳಿದ್ದನ್ನು ಹೇಳುತ್ತದೆ. ಏನು ಕೇಳಬೇಕೆಂದು ಹೊಳೆಯಬೇಕಾದ್ದು ನಮಗೆ.

ಕಲಿಸುವವರಿಗೆ ನಮ್ಮಲ್ಲಿ ಬರವಿಲ್ಲ. ಕೇರಳದ ಶಾಲೆಗಳಲ್ಲಿ ಅರಬ್ಬೀ ಕಲಿಸುವ ಅಧ್ಯಾಪಕರಿದ್ದಾರೆ. ಲಿಪಿಯನ್ನೂ ಅಂಕಿಗಳನ್ನೂ ಅವರು ಚೆನ್ನಾಗಿ ಹೇಳಿಕೊಡಬಲ್ಲರು. ಗಲ್ಫಿನಿಂದ ಮರಳಿ ಮನೆಯಲ್ಲಿ ಕುಳಿತಿರುವ ಹಿರಿಯರು ಊರೂರಿನಲ್ಲಿದ್ದಾರೆ. ತಾವು ಪಟ್ಟ ಪಾಡಿನೊಡನೆ ಸಂತೆಯ ಮಾತನ್ನೂ ಹೇಳಿಕೊಟ್ಟಾರು. ಪ್ರವಾಸ ಏರ್ಪಡಿಸುವವರು ಹೊರಡುವ ಮೊದಲು ಊಟದ ಪಟ್ಟಿಯ ಜೊತೆಗೆ ಅಂಕಿಗಳ ಒಂದು ಹಾಳೆಯನ್ನೂ ಹಂಚಲಿ. ನಮ್ಮ ವಾಚನಾಲಯಗಳವರು ಮನಸ್ಸು ಮಾಡಿದರೆ ಶನಿವಾರ, ಆದಿತ್ಯವಾರ ಎರಡು ಸಂಜೆಗಳ ಕೆಲಸ. ಬೆಂಚುಗಳೂ ಕರಿಹಲಗೆಯೂ ಅಲ್ಲಿ ಮೊದಲೇ ಇವೆ.