ಮ್ಯಾಚ್ ತೋರಿಸಲು ಮಕ್ಕಳನ್ನು ಕರೆದೊಯ್ಯಬೇಕೆ?

ಮೈಸೂರಿನಲ್ಲಿ ದೊಡ್ಡ ಪಂದ್ಯ ನಡೆದಾಗಲೆಲ್ಲ ಈ ಮಾತು ಏಳುತ್ತದೆ: ಶಾಲೆಯವರು ಒಂದು ದಿನದ ಪಾಠ ಬಿಟ್ಟು ಮಕ್ಕಳನ್ನು ಮೈದಾನಕ್ಕೆ ಕರೆತರಬಾರದೆ? ಘಟಾನುಘಟಿಗಳ ಆಟ ಕಣ್ಣಾರೆ ಕಂಡರೆ ಮಕ್ಕಳಲ್ಲೂ ಗುರಿ ಹುಟ್ಟುತ್ತದೆ ಎಂಬುದು ಅದರ ಹಿಂದಿನ ನಂಬಿಕೆ.

ಪರ: ಪಾಠ ಹೋದರೆ ಹೋಗಲಿ

2010ರ ಜನವರಿ 11ರಿಂದ 14ರವರೆಗೆ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ಕರ್ನಾಟಕ–ಮುಂಬೈ ರಣಜಿ ಫೈನಲ್ ನಡೆಯಿತು. ಕೂರಲು ಜಾಗ ಸಾಲದೆ ಹುಡುಗರು ಮರ ಹತ್ತಿದ್ದರು. ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು, ತಂಡ 331ಕ್ಕೆ ಮುಗಿಯಿತು. ಆರೇ ಆರು ರನ್ನಿನ ಸೋಲು. ಪಾಂಡೆಗೆ ಆಗ 20 ವರ್ಷ. ಮರದ ಮೇಲಿದ್ದ ಕಾಲೇಜು ಹುಡುಗರ ವಯಸ್ಸೂ ಹೆಚ್ಚು ಕಡಿಮೆ ಅಷ್ಟೇ.

ಇದನ್ನೆಲ್ಲ ಟಿವಿಯಲ್ಲೂ ನೋಡಬಹುದಲ್ಲ ಎನ್ನುವವರಿದ್ದಾರೆ. ಟಿವಿ ಚೆಂಡಿನ ಹಿಂದೆಯೇ ಓಡುತ್ತದೆ. ಮೈದಾನದಲ್ಲಿ ಕೂತವನಿಗೆ ಚೆಂಡಿಲ್ಲದ ಕಡೆಯೂ ಕಾಣುತ್ತದೆ. ಬೌಲರ್ ಹೆಜ್ಜೆ ಅಳೆದು ರನ್‌ಅಪ್‌ಗೆ ಗುರುತು ಹಾಕುವುದು, ಬೆಳಿಗ್ಗೆ ಆಟಕ್ಕೆ ಮೊದಲು ಸ್ಲಿಪ್‌ನವರು ಒಂದೇ ಬಗೆಯ ಕ್ಯಾಚನ್ನು ಮತ್ತೆ ಮತ್ತೆ ಹಿಡಿಯುವುದು, ಕವರ್ಸ್‌ನಲ್ಲಿ ನಿಂತವನು ಪ್ರತಿ ಎಸೆತಕ್ಕೂ ನಾಲ್ಕು ಹೆಜ್ಜೆ ಮುಂದೆ ಬಂದು ಹಿಂದಕ್ಕೆ ನಡೆಯುವುದು, ತನ್ನ ಕಡೆ ಗಂಟೆಗಟ್ಟಲೆ ಚೆಂಡು ಬರದಿದ್ದರೂ. ಇದನ್ನು ಕಂಡ ಹುಡುಗ ಮನೆಗೆ ಬಂದು ‘ಇಂಡಿಯಾಗೆ ಆಡ್ತೀನಿ’ ಎಂದು ಬೀಗುವುದಕ್ಕಿಂತ, ‘ಸಾರ್, ನಾಳೆ ಬೇಗ ಬರ್ತೀನಿ, ಐವತ್ತು ಕ್ಯಾಚ್ ಕೊಡ್ತೀರಾ?’ ಎಂದು ಮೇಷ್ಟ್ರನ್ನು ಪೀಡಿಸುವ ಸಂಭವವೇ ಹೆಚ್ಚು. ನನ್ನ ಮಟ್ಟಿಗೆ ಗುರಿ ಎಂದರೆ ಆ ಐವತ್ತು ಕ್ಯಾಚು.

ಮನಃಶಾಸ್ತ್ರಜ್ಞೆಯರಾದ ಪೆನೆಲೋಪಿ ಲಾಕ್‌ವುಡ್ ಮತ್ತು ಜೀವಾ ಕುಂಡಾ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸಾಧಕರ ಕಥೆ ಹುರುಪು ಕೊಡುವುದು ಆ ಎತ್ತರ ತನಗೂ ಎಟುಕೀತು ಅನ್ನಿಸಿದಾಗ. ಎಟುಕದು ಅನ್ನಿಸಿದರೆ ಅದೇ ಕಥೆ ಮನಸ್ಸನ್ನು ಕುಗ್ಗಿಸುತ್ತದೆ. ನಮ್ಮೂರಿನ ಅದೃಷ್ಟ ಇಲ್ಲಿದೆ. ಜಾವಗಲ್ ಶ್ರೀನಾಥ್ ಓದಿದ್ದು ಮರಿಮಲ್ಲಪ್ಪ ಶಾಲೆಯಲ್ಲಿ, ಎಂಜಿನಿಯರಿಂಗ್ ಮಾಡಿದ್ದು ಎಸ್‌ಜೆಸಿಇಯಲ್ಲಿ. ಅಲ್ಲಿಂದ ಹೋಗಿ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ತೆಗೆದರು. ಹೆಣ್ಣುಮಕ್ಕಳಿಗೆ ಈಗ ಶುಭಾ ಸತೀಶ್ ಇದ್ದಾರೆ: 2023ರ ಡಿಸೆಂಬರ್‌ನಲ್ಲಿ ಇಂಗ್ಲೆಂಡ್ ಎದುರು ಆಡಿದ ಮೊದಲ ಟೆಸ್ಟ್ ಇನಿಂಗ್ಸ್‌ನಲ್ಲೇ 69 ರನ್. ಇವರನ್ನು ಮಕ್ಕಳಿಗೆ ಹತ್ತಿರದಿಂದ ತೋರಿಸದೆ ಇನ್ಯಾರನ್ನು ತೋರಿಸುವುದು?

2025ರಲ್ಲಿ ಮಹಾರಾಜ ಟ್ರೋಫಿ ನಮ್ಮೂರಿಗೇ ಬಂತು, ಆದರೆ ಪ್ರೇಕ್ಷಕರಿಗೆ ಬಾಗಿಲು ಮುಚ್ಚಿಕೊಂಡು. ಪಕ್ಕದಲ್ಲೇ ಆಟ, ಮಕ್ಕಳ ಕೈಯಲ್ಲಿ ಮೊಬೈಲು.

ವಿರೋಧ: ಮರ ಇಳಿದ ಮೇಲೆ ಎಲ್ಲಿಗೆ?

ಬಾಗಿಲು ಯಾಕೆ ಮುಚ್ಚಿತ್ತು ಎಂಬುದನ್ನೂ ಹೇಳಬೇಕಿತ್ತು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಜನ ಸತ್ತರು, ಶಾಲೆಗೆ ಹೋಗುವ ಮಗುವೂ ಸೇರಿ. ಅಲ್ಲಿ ನೆರೆದಿದ್ದವರು ಆಡುವವರಲ್ಲ, ಅಭಿಮಾನಿಗಳು. ತಾರೆಯರ ಆಟ ಮೊದಲು ಹುಟ್ಟಿಸುವುದು ಅಭಿಮಾನವನ್ನೇ. ಅದಕ್ಕೆ ಜೆರ್ಸಿ ಸಾಕು, ಬೆವರು ಬೇಕಿಲ್ಲ.

2012ರ ಲಂಡನ್ ಒಲಿಂಪಿಕ್ಸ್‌ನ ಘೋಷಣೆಯೇ ಒಂದು ಪೀಳಿಗೆಗೆ ಸ್ಫೂರ್ತಿ ತುಂಬುತ್ತೇವೆ ಎಂದಿತ್ತು. ಇಂಥ ಮಹಾಕೂಟಗಳ ಬಗೆಗಿನ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಸಂಶೋಧಕರಿಗೆ ಕಂಡದ್ದೇ ಬೇರೆ. ಮೊದಲೇ ಆಡುತ್ತಿದ್ದವರು ಇನ್ನಷ್ಟು ಆಡಬಹುದು, ಬಿಟ್ಟವರು ಕೆಲವರು ಮರಳಬಹುದು. ಎಂದೂ ಆಡದವರನ್ನು ಮಾತ್ರ ಅದು ಎಬ್ಬಿಸಿದ್ದಕ್ಕೆ ಗಟ್ಟಿ ಪುರಾವೆ ಇಲ್ಲ.

ನೋಡಿ ಕಲಿಯುವುದು ಕುಸ್ತಿಯಲ್ಲಿ ನಡೆಯುತ್ತದೆ, ಒಪ್ಪಿದೆ. ದಸರಾದಲ್ಲಿ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ಜೋಡಿ ಕಟ್ಟಿದ್ದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ ಹುಡುಗ, ಹಳೇ ಮೊಹಲ್ಲಾದವನಾದರೆ, ಬೆಳಿಗ್ಗೆ ಗರಡಿಗೆ ಹೋಗಿ ಉಸ್ತಾದರ ಕಾಲಿಗೆ ಬಿದ್ದು ಮಟ್ಟಿಗೆ ಇಳಿಯಬಹುದು. ಗರಡಿ ಹತ್ತಿರವಿದೆ, ಹೇಳಿಕೊಡುವವರಿದ್ದಾರೆ. ಪೈಲ್ವಾನರನ್ನು ನೋಡಿದ್ದು ಅದಕ್ಕೊಂದು ನೆಪ.

ಉಳಿದ ಮಕ್ಕಳಿಗೆ? ಎಷ್ಟೋ ಶಾಲೆಗಳಲ್ಲಿ ಪಿಟಿ ಮೇಷ್ಟ್ರೇ ಇಲ್ಲ. ಇದ್ದ ಕಡೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದರೆ ಆಟದ ಪೀರಿಯಡ್ಡನ್ನು ಗಣಿತದವರು ಎಗರಿಸುತ್ತಾರೆ. ಆಡುವ ಮೈದಾನದಲ್ಲಿ ಸಮಾವೇಶದ ಪೆಂಡಾಲ್ ಎದ್ದರೆ ಆ ವಾರ ಆಟವಿಲ್ಲ. ಕ್ರಿಕೆಟ್ ಕಿಟ್ಟಿನ ಬೆಲೆ ಕೇಳಿಯೇ ಅರ್ಧ ಮನೆಗಳಲ್ಲಿ ಮಾತು ಮುಗಿಯುತ್ತದೆ. ಇಷ್ಟರ ನಡುವೆ ಹುಡುಗ ಐವತ್ತು ಕ್ಯಾಚ್ ಕೇಳುವುದಾದರೂ ಯಾರನ್ನು? ಎಟುಕದ್ದು ಕುಗ್ಗಿಸುತ್ತದೆ ಎಂದು ಪರ ವಹಿಸಿದವರೇ ಹೇಳಿದ್ದಾರೆ. ಎಟುಕುವುದು ಬಿಡುವುದು ಆಟಗಾರನ ಊರಿನಿಂದಲ್ಲ, ಕೈಗೆ ಸಿಗುವ ಏಣಿಯಿಂದ ತೀರ್ಮಾನವಾಗುತ್ತದೆ.

ಖೋಖೋವನ್ನೇ ತೆಗೆದುಕೊಳ್ಳಿ. 2025ರ ಜನವರಿ 19ರಂದು ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ ಫೈನಲ್‌ನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಪಂದ್ಯದ ಶ್ರೇಷ್ಠ ಆಟಗಾರ್ತಿ ಬಿ. ಚೈತ್ರಾ, ನಮ್ಮದೇ ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆಕೆ ಆಟ ಕಲಿಯುವಾಗ ಮಹಿಳಾ ಖೋಖೋಗೆ ಟಿವಿ ಲೀಗೂ ಇರಲಿಲ್ಲ, ನೋಡಿ ಮೆಚ್ಚಲು ಮನೆಮಾತಾದ ತಾರೆಯರೂ ಇರಲಿಲ್ಲ. ಊರಿನಲ್ಲಿ ಆಡಿಸುವವರಿದ್ದರು. ಬಸ್ಸಿನ ಬಾಡಿಗೆಗೆಂದು ಶಾಲೆಗಳು ಎತ್ತಿಟ್ಟ ಹಣವಿದ್ದರೆ ಎರಡು ಕಂಬ ನೆಡಿಸಲಿ, ಸಂಜೆ ಒಂದು ಗಂಟೆ ಹೆಚ್ಚು ನಿಲ್ಲುವ ಪಿಟಿ ಮೇಷ್ಟ್ರಿಗೆ ಉಳಿದದ್ದನ್ನು ಕೊಡಲಿ.