ಹಿತ್ತಲ ಗಿಡವೂ ಚಿತ್ರಕಲೆಯೂ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಕಲೆಗೂ ಅನ್ವಯಿಸುವಂತಾಗಿ, ಸ್ಫೂರ್ತಿಯನ್ನರಸುತ್ತ ದೂರದ ಚಿತ್ರಶಾಲೆಗಳಿಗೆ ಹೋಗುವ ನಾವು, ಹೀರೆಯ ಬಳ್ಳಿಯು ಚಪ್ಪರದ ಗಳುವನ್ನು ಹಿಡಿಯಲೆಂದು ನೀಡಿದ ಕುಡಿಯನ್ನು ಕ್ಷಣಕಾಲ ನಿಂತು ನೋಡುವುದು ವಿರಳ. ಆಸರೆ ದೊರೆತ ಮೇಲೆ ಆ ಕುಡಿಯು ಸ್ವಲ್ಪ ದೂರ ಒಂದು ದಿಕ್ಕಿಗೂ, ಅಲ್ಲಿಂದ ಮುಂದೆ ಅದರ ವಿರುದ್ಧ ದಿಕ್ಕಿಗೂ ಸುರುಳಿಗೊಳ್ಳುತ್ತದೆ. ತಿರುವು ಬದಲಾಗುವ ಆ ಒಂದು ಎಡೆಯನ್ನು ಗೆರೆಯಲ್ಲಿ ಹಿಡಿಯುವುದು ನುರಿತ ಕೈಗೂ ಸುಲಭವಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವಾಲಯದ ಲತಾಪಟ್ಟಿಕೆಗಳನ್ನು ಕಂಡರಿಸಿದ ರೂವಾರಿಗಳು ಬಳ್ಳಿಯ ಬಳುಕನ್ನು ಬಲ್ಲವರಾಗಿದ್ದರೆಂಬುದಕ್ಕೆ ಆ ಕಲ್ಲೇ ಸಾಕ್ಷಿ.

ಬರ್ಲಿನ್ನಿನಲ್ಲಿ ಕಲಾಶಿಕ್ಷಕನಾಗಿದ್ದ ಕಾರ್ಲ್ ಬ್ಲಾಸ್‌ಫೆಲ್ಟನು ಹಾದಿಬದಿಯ ಸಾಮಾನ್ಯ ಗಿಡಗಳನ್ನೇ ಆಯ್ದು ತಂದು, ಅವುಗಳ ಮೊಗ್ಗು, ಕಾಂಡ, ಬೀಜಕೋಶಗಳ ಛಾಯಾಚಿತ್ರಗಳನ್ನು ಹಲವು ಮಡಿ ಹಿಗ್ಗಿಸಿ, ದಶಕಗಳ ಕಾಲ ವಿದ್ಯಾರ್ಥಿಗಳ ಮುಂದಿರಿಸಿದನು. 1928ರಲ್ಲಿ ಅವು ಗ್ರಂಥರೂಪದಲ್ಲಿ ಹೊರಬಂದಾಗ, ಜರೀಗಿಡದ ಮುದುರಿದ ಎಳೆಚಿಗುರಿನಲ್ಲಿ ಧರ್ಮಾಧ್ಯಕ್ಷರ ದಂಡದ ವಿನ್ಯಾಸವನ್ನು ಕಂಡು ರಸಿಕರು ಬೆರಗಾದರು. ಆತನ ವಯಸ್ಸು ಆಗ 60 ಮೀರಿತ್ತು.

ಅಚ್ಚಾದ ಚಿತ್ರವನ್ನು ನೋಡಿ ನಕಲು ಮಾಡಿಸುವುದರಿಂದಲೇ ಚಿತ್ರಲೇಖನದ ಪಾಠವನ್ನು ಆರಂಭಿಸುವ ಪದ್ಧತಿ ತಪ್ಪೆಂದೇ ನನ್ನ ದೃಢವಾದ ಅಭಿಪ್ರಾಯ. ಬೇರೊಬ್ಬರು ಆಗಲೇ ಕಂಡು ಮುಗಿಸಿದುದನ್ನು ಮಗು ಮತ್ತೆ ಕಾಣಬೇಕಾದ ಅಗತ್ಯವೇ ಅಲ್ಲಿ ಇರುವುದಿಲ್ಲ. ಉಪಾಧ್ಯಾಯ ಮಹನೀಯರು ವಾರಕ್ಕೊಂದು ದಿನವಾದರೂ ಮಕ್ಕಳನ್ನು ತೋಟಕ್ಕೆ ಕರೆದೊಯ್ದು, ಉದುರಿದ ಹಲಸಿನೆಲೆಯನ್ನೋ ಬಿರಿದ ಎಕ್ಕದ ಕಾಯನ್ನೋ ಅವರ ಕೈಗಿತ್ತು, ಬರೆಯುವ ಮೊದಲು ಕಾಲುಗಂಟೆ ಸುಮ್ಮನೆ ನೋಡಗೊಡಬೇಕೆಂದು ನನ್ನ ಬಿನ್ನಹ.